ಅನುಮಾನ ಬಂದರೆ ವಿಮಾ ಕಂಪನಿ ಯಾರಿಗೆ ಹೇಳಬೇಕು?



ಮನೆಯ ಯಜಮಾನರು ತೀರಿಕೊಂಡಿದ್ದಾರೆ. ವಿಮೆ ಹಣಕ್ಕೆ ಅರ್ಜಿ ಹಾಕಿ ಕೂತ ಮನೆಯವರಿಗೆ ಎರಡು ಸಾಲಿನ ಕಾಗದ ಬರುತ್ತದೆ: ‘ನಿಮ್ಮ ಕ್ಲೇಮು ತನಿಖೆಯಲ್ಲಿದೆ.’ ಯಾಕೆ ಅಂದರೆ ಉತ್ತರವಿಲ್ಲ. ಏಜೆಂಟರಿಗೆ ಫೋನ್ ಮಾಡಿದರೆ ‘ಅದೆಲ್ಲ ಗೋಪ್ಯ, ಮೇಲಿನವರನ್ನು ಕೇಳಿ’ ಅನ್ನುತ್ತಾರೆ. ಈ ಗೋಪ್ಯ ಎಷ್ಟು ನಿಜ, ಎಷ್ಟು ನೆಪ ಅಂತ ಇವತ್ತು ನೋಡೋಣ.

ದರೋಡೆ, ಕೊಲೆಯ ಸುಳಿವು ಸಿಕ್ಕರೆ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು ಅನ್ನುತ್ತದೆ ಕಾನೂನು. ಸಾಧಾರಣ ವಂಚನೆಗೆ ನಮ್ಮನಿಮ್ಮಂಥವರ ಮೇಲೆ ಆ ಕಟ್ಟುಪಾಡಿಲ್ಲ. ವಿಮಾ ಕಂಪನಿ ಮಾತ್ರ ಹಾಗೆ ಸುಮ್ಮನಿರುವಂತಿಲ್ಲ. ವಂಚನೆ ಪತ್ತೆಗೆ ವ್ಯವಸ್ಥೆ ಇಟ್ಟುಕೊಳ್ಳಬೇಕು, ಪೊಲೀಸರಿಗೆ ತಿಳಿಸಬೇಕು, ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2013ರಲ್ಲೇ ಸುತ್ತೋಲೆ ಹೊರಡಿಸಿತು. ಅದರ ಜಾಗಕ್ಕೆ 2025ರಲ್ಲಿ ಹೊಸ ಮಾರ್ಗಸೂಚಿ ಬಂತು, 2026ರ ಏಪ್ರಿಲ್ 1ರಿಂದ ಜಾರಿ ಎಂದು. ಎರಡರಲ್ಲೂ ವಂಚಕ ಅಂದರೆ ಪಾಲಿಸಿದಾರ ಒಬ್ಬನೇ ಅಲ್ಲ. ಏಜೆಂಟರೂ ಕಂಪನಿಯ ನೌಕರರೂ ಆ ಪಟ್ಟಿಯಲ್ಲಿದ್ದಾರೆ. ಇದನ್ನು ಏಜೆಂಟರು ಹೇಳುವುದು ಕಡಿಮೆ!

ಹಾಗೆ ಒಳಗಿನವರೂ ಸೇರಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಪ್ರದೇಶದ ಪ್ರಕರಣ ನೋಡಿ. ಸುಳ್ಳು ವಾಹನ ಅಪಘಾತ ತೋರಿಸಿ ಪರಿಹಾರ ಕೇಳುವ ಜಾಲದ ತನಿಖೆಗೆ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ವಿಶೇಷ ತಂಡ ರಚಿಸಲು ಹೇಳಿತು. ಆ ತಂಡಕ್ಕೆ ವಿಮಾ ಕಂಪನಿಗಳು ಒಪ್ಪಿಸಿದ ಅನುಮಾನದ ಕ್ಲೇಮುಗಳು 1,376. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಎಂ.ಆರ್. ಷಾ ಹಾಗೂ ನಮ್ಮ ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠದ ಮುಂದೆ ಬಂದಾಗ, ಮೇಲ್ನೋಟಕ್ಕೆ ತಪ್ಪಿತಸ್ಥರೆಂದು ಕಂಡವರು 166 ಮಂದಿ. ಅವರಲ್ಲಿ ಅರ್ಜಿದಾರರಷ್ಟೇ ಅಲ್ಲ, ವಕೀಲರು, ಪೊಲೀಸರು, ವೈದ್ಯರು, ವಿಮಾ ಕಂಪನಿಯ ನೌಕರರೂ ಇದ್ದರು. ವಕೀಲರ ವಿಷಯದಲ್ಲಿ ಅಲ್ಲಿನ ಬಾರ್ ಕೌನ್ಸಿಲ್ ತೋರಿದ ಉದಾಸೀನಕ್ಕೆ ಪೀಠ ಛೀಮಾರಿ ಹಾಕಿತು. ಇಂಥ ಕಡೆ ಕಂಪನಿ ಬಾಯಿ ಬಿಡದಿದ್ದರೆ ಕೊನೆಗೆ ಹೊರೆ ನಮ್ಮ ಪ್ರೀಮಿಯಂ ಮೇಲೆಯೇ.

ಇನ್ನು ಗೋಪ್ಯದ ಮಾತು. ಅಕ್ರಮ ಹಣ ವರ್ಗಾವಣೆ ತಡೆಯುವ 2002ರ ಕಾಯ್ದೆ ಪ್ರಕಾರ, ಕಂತೆ ಕಂತೆ ನಗದು ಕಟ್ಟಿ ಕೆಲವೇ ದಿನದಲ್ಲಿ ಪಾಲಿಸಿ ವಾಪಸು ಮಾಡುವಂಥ ಅನುಮಾನದ ವ್ಯವಹಾರವನ್ನು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಹಾಗೆ ವರದಿ ಹೋಗಿದೆ ಎಂದು ಗಿರಾಕಿಗೆ ತಿಳಿಸಕೂಡದು. ಆ ಗೋಪ್ಯ ಆ ವರದಿಗೆ ಮಾತ್ರ. ನಿಮ್ಮ ಕ್ಲೇಮು ತಿರಸ್ಕರಿಸುವಾಗ ಕಾರಣ ಮುಚ್ಚಿಡಲು ಅದು ನೆಪವಾಗದು. ವಿಮಾ ಕಾಯ್ದೆಯ 45ನೇ ಕಲಮು, 2015ರ ತಿದ್ದುಪಡಿಯ ನಂತರ, ಇದನ್ನು ಬಿಡಿಸಿ ಹೇಳುತ್ತದೆ. ಜೀವವಿಮೆ ಪಾಲಿಸಿಯನ್ನು ವಂಚನೆ ಎಂದು ಪ್ರಶ್ನಿಸಬೇಕಾದರೆ ಮೂರು ವರ್ಷದೊಳಗೇ ಪ್ರಶ್ನಿಸಬೇಕು. ಯಾವ ಕಾರಣ, ಯಾವ ಆಧಾರ ಎಂಬುದನ್ನು ವಾರಸುದಾರರಿಗೆ ಅಥವಾ ನಾಮಿನಿಗೆ ಬರೆದು ಕೊಡಬೇಕು. ಮೂರು ವರ್ಷ ಕಳೆದ ಮೇಲೆ ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಸತ್ತು ಮುಗಿಲು ಸೇರಿದವರು ಸಾಕ್ಷಿ ಹೇಳಲಾರರು ಎಂದು ಗೊತ್ತಿದ್ದೂ, ಪಾಲಿಸಿದಾರ ಬದುಕಿಲ್ಲದಿದ್ದರೆ ವಂಚನೆ ಇಲ್ಲವೆಂದು ತೋರಿಸುವ ಹೊಣೆಯನ್ನು ಅದೇ ಕಲಮು ಮನೆಯವರ ಮೇಲೆ ಹಾಕಿದೆ. ನನಗಂತೂ ಇದು ಕಠಿಣ ಎನಿಸುತ್ತದೆ. ಆದ್ದರಿಂದ ಪಾಲಿಸಿಯ ಅರ್ಜಿ ಫಾರಂನ ಪ್ರತಿ ಮನೆಯಲ್ಲಿರಲಿ. ಏಜೆಂಟರು ತುಂಬಿಕೊಟ್ಟ ಫಾರಂ ಆದರೆ, ಸಹಿ ಹಾಕುವ ಮುಂಚೆ ಒಮ್ಮೆ ಓದಿ.

ತನಿಖೆ ಬೇಕಾದ ಮರಣದ ಕ್ಲೇಮನ್ನು 45 ದಿನದೊಳಗೆ ತೀರ್ಮಾನಿಸಬೇಕು ಎಂಬುದು 2024ರ ನಿಯಮ. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಸಮಾಧಾನ ತರಲಿಲ್ಲ ಅನ್ನಿ, ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ಪರಿಹಾರ ಅವರ ವ್ಯಾಪ್ತಿಯಲ್ಲಿದೆ. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಐದೂ ಕಡೆ ಅವರ ಕಚೇರಿಗಳಿವೆ.