ಉಳ್ಳಾಗಡ್ಡಿ ಒತ್ತಿದ ಸಂಕ್ರಾಂತಿ ಕಾರ್ಡು

ಮಕ್ಕಳೇ, ಸಂಕ್ರಾಂತಿ ಬಂತೆಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಓಣಿಗಳಲ್ಲಿ ಸಂಜೆ ಹೊತ್ತು ಕುಸುರೆಳ್ಳು ಮನೆಯಿಂದ ಮನೆಗೆ ಹೊರಡುತ್ತದೆ. ಹಿರಿಯರ ಕೈಗೆ ನಾಲ್ಕು ಕಾಳು ಹಾಕಿ, ಕಾಲು ಮುಟ್ಟಿ ನಮಸ್ಕರಿಸಿ, 'ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣು' ಅನ್ನುತ್ತೀರಿ. ಬೇರೆ ಊರಲ್ಲಿರುವ ಅತ್ತೆಗೆ, ಕಾಕಾನಿಗೆ, ಹೋದ ವರ್ಷ ಶಾಲೆ ಬಿಟ್ಟು ಹೋದ ಗೆಳತಿಗೆ ಇದನ್ನು ಮುಟ್ಟಿಸುವುದು ಹೇಗೆ? ಅದಕ್ಕೆಂದೇ ಸಂಕ್ರಾಂತಿ ಕಾರ್ಡು ಕಳಿಸುವ ರೂಢಿ ನಮ್ಮ ಕಡೆ ಇತ್ತು. ನಿಮ್ಮ ಅವ್ವ, ಅಪ್ಪ ಶಾಲೆಗೆ ಹೋಗುವಾಗ ಪೇಟೆಯ ಅಂಗಡಿಗಳಲ್ಲಿ ಬಣ್ಣಬಣ್ಣದ ಕಾರ್ಡು ಸಾಲಾಗಿ ತೂಗುತ್ತಿದ್ದವು, ಕೇಳಿ ನೋಡಿ.

ಈ ಸಲ ಕಾರ್ಡನ್ನು ಕೈಯಾರೆ ಮಾಡೋಣ. ಚಿತ್ರ ಬರೆಯುವುದು ಬೇಡ, ಒತ್ತೋಣ. ಪೆನ್ಸಿಲ್ ಹಿಡಿದರೆ ನಿಮಗೆ ಗೊತ್ತಿರುವುದು ಮಾತ್ರ ಕಾಗದಕ್ಕೆ ಬರುತ್ತದೆ. ಒಂದು ವಸ್ತುವನ್ನೇ ಬಣ್ಣಕ್ಕೆ ಅದ್ದಿ ಒತ್ತಿದರೆ, ನೀವು ಯಾವತ್ತೂ ನೋಡದಿದ್ದದ್ದನ್ನೂ ಅದು ತೋರಿಸುತ್ತದೆ.

ಮೊದಲು ಹೊಲಕ್ಕೆ ಹೋಗಿ. ಸಂಕ್ರಾಂತಿಯ ಹೊತ್ತಿಗೆ ಎರೆ ಹೊಲದಲ್ಲಿ ಬಿಳಿಜೋಳ ನಿಂತಿರುತ್ತದೆ. ಒಂದು ದಂಟು ಕೇಳಿ ತನ್ನಿ. ಹಿರಿಯರಿಂದ ಅದನ್ನು ಅಡ್ಡವಾಗಿ, ನುಣ್ಣಗೆ ಕತ್ತರಿಸಿಕೊಂಡು, ಒಂದು ರಾತ್ರಿ ಹಾಗೇ ಬಿಡಿ. ಒಳಗಿನ ಮೆತ್ತನೆಯ ತಿರುಳು ತುಸು ಕುಗ್ಗಿ, ಗಟ್ಟಿಯಾದ ಎಳೆಗಳು ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಆ ತುದಿಗೆ ಬಣ್ಣ ಹಚ್ಚಿ ಕಾಗದಕ್ಕೆ ಒತ್ತಿ. ವೃತ್ತದ ತುಂಬ ಚುಕ್ಕೆಗಳು ಮೂಡುತ್ತವೆ, ಅಂಚಿಗೆ ಒತ್ತೊತ್ತಾಗಿ, ನಡುವೆ ವಿರಳವಾಗಿ. ಒಂದೊಂದು ಚುಕ್ಕೆಯೂ ಒಂದೊಂದು ನಾಳದ ಕಟ್ಟು. ಬೇರು ಹೀರಿದ ನೀರು ಈ ದಾರಿಯಲ್ಲೇ ತೆನೆಯವರೆಗೆ ಏರಿತು. ಎಲೆ ತಯಾರಿಸಿದ ಸಕ್ಕರೆಯೂ ಈ ಕಟ್ಟಿನೊಳಗಿನ ಇನ್ನೊಂದು ದಾರಿ ಹಿಡಿದು ಇಳಿಯಿತು.

ಈಗ ತೊಗರಿ ಕಟ್ಟಿಗೆಯ ತುದಿ ಒತ್ತಿ ನೋಡಿ. ಅಲ್ಲಿ ಚದುರಿದ ಚುಕ್ಕೆ ಇಲ್ಲ. ನಡುವೆ ತಿರುಳು, ಅದರ ಸುತ್ತ ಬಳೆಯಾಕಾರದ ಕಟ್ಟಿಗೆ. ಜೋಳ ಏಕದಳ, ತೊಗರಿ ದ್ವಿದಳ ಎಂದು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದೀರಿ. ಕಾಳು ಒಡೆದು ನೋಡಿದರೆ ತಿಳಿಯುವ ಆ ವ್ಯತ್ಯಾಸ ಕಾಂಡದಲ್ಲೂ ಇದೆ, ನಿಮ್ಮ ಕಾರ್ಡಿನ ಮೇಲೆ ಎರಡು ಮುದ್ರೆ ಅಕ್ಕಪಕ್ಕ ಬಿದ್ದಾಗ ಅದು ಕಣ್ಣಿಗೇ ಕಾಣುತ್ತದೆ. ನನಗೆ ಇದು ಅಂಗಡಿಯಲ್ಲಿ ಸಿಗುವ ಹೂವಿನ ಅಚ್ಚಿಗಿಂತ ಎಷ್ಟೋ ಚೆಲುವು.

ಅಡುಗೆಮನೆಯಲ್ಲೂ ಅಚ್ಚುಗಳಿವೆ. ಉಳ್ಳಾಗಡ್ಡಿಯನ್ನು ಅಡ್ಡ ಕತ್ತರಿಸಿ ಒತ್ತಿದರೆ ಒಂದರೊಳಗೊಂದು ಬಳೆ. ಒಂದೊಂದು ಬಳೆಯೂ ಒಂದೊಂದು ಎಲೆಯ ಬುಡ, ಆಹಾರ ಕೂಡಿಟ್ಟು ದಪ್ಪಗಾದದ್ದು. ಹೀರೇಕಾಯಿಯ ಹೊರಗೆ ಹತ್ತು ಏಣು, ಒಳಗೆ ಮೂರು ಕೋಣೆ. ಬೆಂಡೆಕಾಯಿಯಲ್ಲಿ ಸಾಮಾನ್ಯವಾಗಿ ಐದು. ಕೋಣೆ ಎಷ್ಟೆಂದು ಎಣಿಸಿ, ಆಮೇಲೆ ಅದೇ ಬೆಂಡೆಯ ಹೂವಿನ ಎಸಳನ್ನೂ ಎಣಿಸಿ.

ಬಣ್ಣ ಅಚ್ಚಿನಿಂದ ಕಾಗದಕ್ಕೆ ಯಾಕೆ ಹೋಗುತ್ತದೆ, ಅಚ್ಚಿನಲ್ಲೇ ಯಾಕೆ ಉಳಿಯುವುದಿಲ್ಲ? ಉತ್ತರ ಕಾಗದದೊಳಗಿದೆ. ಭೂತಗನ್ನಡಿ ಹಿಡಿದು ಹರಿದ ಅಂಚನ್ನು ನೋಡಿ. ಬಣವಿಯಲ್ಲಿ ಒಟ್ಟಿದ ಕಣಿಕಿಯ ಹಾಗೆ ಸಣ್ಣ ನಾರುಗಳು ಒಂದರ ಮೇಲೊಂದು ಬಿದ್ದಿವೆ. ಈ ನಾರಿನ ಹೆಸರು ಸೆಲ್ಯುಲೋಸ್, ಗಿಡಗಳ ಮೈ ಕಟ್ಟಿರುವ ವಸ್ತು. ಬಣ್ಣದಲ್ಲಿರುವ ನೀರಿಗೆ ಸೆಲ್ಯುಲೋಸ್ ಎಂದರೆ ಬಲು ಇಷ್ಟ, ಬೇಗ ಅಂಟಿಕೊಳ್ಳುತ್ತದೆ. ನಾರುಗಳ ನಡುವಿನ ಕಿರುಸಂದಿಗಳಲ್ಲಿ ತಾನೇ ನುಸುಳಿ ಮುಂದೆ ಸಾಗುತ್ತದೆ. ಒತ್ತಿದ ಗಳಿಗೆಯಲ್ಲಿ ಬಣ್ಣದ ತೆಳು ಪದರವನ್ನು ಅಚ್ಚೂ ಎಳೆಯುತ್ತದೆ, ಕಾಗದವೂ ಎಳೆಯುತ್ತದೆ. ಕಾಗದಕ್ಕಿರುವಷ್ಟು ಹೀರುವ ಸಂದಿಗಳು ಅಚ್ಚಿಗಿಲ್ಲ. ಕಾಗದ ಗೆಲ್ಲುತ್ತದೆ, ಪೂರ್ತಿಯಾಗಿ ಅಲ್ಲ. ಅಚ್ಚಿನ ಮೇಲೂ ಒಂದಿಷ್ಟು ಉಳಿಯುವುದರಿಂದಲೇ ಬಣ್ಣ ಹಚ್ಚದೆ ಇನ್ನೊಂದು ಮಸುಕು ಮುದ್ರೆ ಒತ್ತಬಹುದು.

ಕಚೇರಿಗಳಲ್ಲಿ ಬಳಸುವ ಮೊಹರಿನ ಪ್ಯಾಡಿನ ಶಾಯಿಗೆ ಗ್ಲಿಸರಿನ್‌ನಂಥ ದ್ರವ ಬೆರೆಸಿರುತ್ತಾರೆ. ಅದು ಬೇಗ ಆರುವುದಿಲ್ಲ, ಗಾಳಿಯ ತೇವವನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಶಾಯಿ ಪ್ಯಾಡಿನಲ್ಲಿ ತಿಂಗಳುಗಟ್ಟಲೆ ಹಸಿಯಾಗಿರುತ್ತದೆ, ಆದರೆ ಕಾಗದಕ್ಕೆ ಬಿದ್ದ ಕೂಡಲೇ ನಾರಿನೊಳಗೆ ಇಳಿದು ನಿಲ್ಲುತ್ತದೆ.

ಮೊಹರನ್ನು ರಬ್ಬರಿನಿಂದಲೇ ಮಾಡುವುದಕ್ಕೂ ಕಾರಣವಿದೆ. ಕಾಗದ ನಮ್ಮ ಬೆರಳಿಗೆ ನುಣುಪು, ನಿಜದಲ್ಲಿ ಏರುತಗ್ಗಿನ ನೆಲ. ಕಟ್ಟಿಗೆಯ ಅಚ್ಚು ಗಟ್ಟಿ, ಏರಿಗೆ ತಾಗಿ ತಗ್ಗನ್ನು ಬಿಟ್ಟುಬಿಡುತ್ತದೆ. ರಬ್ಬರು ಒತ್ತಿದಾಗ ತಗ್ಗಿಗೂ ಇಳಿಯುತ್ತದೆ, ಎತ್ತಿದಾಗ ಮೊದಲಿನ ಆಕಾರಕ್ಕೆ ಮರಳುತ್ತದೆ. ರಬ್ಬರು ಒಂದು ಮರದ ಹಾಲು. ಆ ಮರದ ತವರು ಅಮೆಜಾನ್ ಕಾಡು. ನಮ್ಮ ರಾಜ್ಯದಲ್ಲಿ ಸುಳ್ಯ, ಪುತ್ತೂರಿನ ಕಡೆ ತೋಟಗಳಿವೆ. ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಎಂಬ ವಿಜ್ಞಾನಿ ಇದು ಪೆನ್ಸಿಲ್ ಗೆರೆಯನ್ನು ಅಳಿಸುತ್ತದೆ ಎಂದು 1770ರಲ್ಲಿ ಬರೆದಿಟ್ಟ. ಆದರೆ ಬರೀ ಮರದ ಹಾಲಿನ ರಬ್ಬರು ಸೆಕೆಗೆ ಅಂಟಂಟಾಗುತ್ತದೆ, ಚಳಿಗೆ ಬಿರುಸಾಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ ಅಂಥ ಮೊಹರು ಮೇಜಿಗೇ ಅಂಟಿಕೊಂಡೀತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದ. ರಬ್ಬರಿನ ಉದ್ದುದ್ದ ಅಣುಸರಪಳಿಗಳ ನಡುವೆ ಗಂಧಕ ಅಲ್ಲಲ್ಲಿ ಸೇತುವೆ ಕಟ್ಟಿತು. ಸರಪಳಿಗಳು ಈಗ ಹಿಗ್ಗಬಲ್ಲವು, ಜಾರಿಹೋಗಲಾರವು. ಮೊಹರಿಗೆ ಬೇಕಾದದ್ದು ಅಷ್ಟೇ.

ನಿಮ್ಮ ಕಂಪಾಸ್ ಪೆಟ್ಟಿಗೆಯ ಹಳೆಯ ಅಳಿಸುವ ರಬ್ಬರಿನಲ್ಲಿ ಹೆಸರಿನ ಮೊದಲ ಅಕ್ಷರ ಕೊರೆಯಿರಿ. ಮೊನಚು ಕಡ್ಡಿ ಸಾಕು, ಬ್ಲೇಡು ಬೇಡ. ನೇರವಾಗಿ ಕೊರೆದರೆ ಮುದ್ರೆ ತಿರುಗಾಮುರುಗಾ ಬೀಳುತ್ತದೆ. ಅಚ್ಚು ಕಾಗದಕ್ಕೆ ಎದುರುಬದುರಾಗಿ ನಿಲ್ಲುವುದರಿಂದ ಅದರ ಎಡ ಕಾಗದದ ಬಲವಾಗುತ್ತದೆ. ಕನ್ನಡಿಯಲ್ಲಿ ಕಾಣುವ ಹಾಗೆ ಕೊರೆದರೆ ಮಾತ್ರ ಸರಿಯಾಗಿ ಬರುತ್ತದೆ. ತಿರುಗಿಸಿದರೂ ಬದಲಾಗದ ಅಕ್ಷರ ಕನ್ನಡದಲ್ಲಿ ಇದೆಯೇ, ಹುಡುಕಿ. ತಲೆಕಟ್ಟು ಒಂದು ಕಡೆಗೆ ಬಾಗಿರುವುದರಿಂದ ನಮ್ಮ ಬಹುಪಾಲು ಅಕ್ಷರಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ, ಸೊನ್ನೆಯೊಂದು ಸುಲಭವಾಗಿ ಗೆಲ್ಲುತ್ತದೆ.

ಸಿಂಧೂ ಕಣಿವೆಯ ಜನ ಈ ಲೆಕ್ಕವನ್ನು ನಾಲ್ಕು ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದರು. ಹೋರಿಯ ಚಿತ್ರ ಕೊರೆದ ಅವರ ಕಲ್ಲಿನ ಮುದ್ರೆಗಳಲ್ಲಿ ಅಕ್ಷರಗಳು ಹಿಮ್ಮುಖವಾಗಿವೆ. ನಮ್ಮ ಜಿಲ್ಲೆಯಲ್ಲೇ ಇಂಥ ಹಿಮ್ಮುಖ ಅಕ್ಷರಗಳಿಂದ ಒಂದು ದೊಡ್ಡ ಕೆಲಸ ನಡೆಯಿತು. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮತ್ತು ಅವರ ಜೊತೆಗಿದ್ದ ಶರಣರ ವಚನಗಳು ಎಷ್ಟೋ ಶತಮಾನ ತಾಳೆಗರಿಯ ಕಟ್ಟುಗಳಲ್ಲಿ ಉಳಿದಿದ್ದವು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಊರೂರು ತಿರುಗಿ ಅವನ್ನು ಕೂಡಿಸಿದರು. 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂತು. ಆಮೇಲೆ ವಿಜಯಪುರದಲ್ಲಿ ತಮ್ಮದೇ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಆ ಕಾಲದ ಅಚ್ಚುಮೊಳೆಗಳನ್ನು ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ಯುತ್ತಿದ್ದರು. ಬರೀ ಸೀಸ ಮೆದು. ಆಂಟಿಮನಿ ಅದಕ್ಕೆ ಗಟ್ಟಿತನ ಕೊಡುತ್ತದೆ, ಆರುವಾಗ ಕುಗ್ಗುವುದನ್ನೂ ತಗ್ಗಿಸುತ್ತದೆ. ಮೊಳೆ ಜೋಡಿಸುವವರು ಒಂದೊಂದು ಹಿಮ್ಮುಖ ಅಕ್ಷರವನ್ನೂ ಆರಿಸಿ ಸಾಲು ಕಟ್ಟಬೇಕಿತ್ತು. ಒಂದು ವಚನ ನೇರವಾಗಿ ಓದಲು ಸಿಗಬೇಕಾದರೆ ಯಾರೋ ಅದನ್ನು ಹಿಮ್ಮುಖವಾಗಿ ಓದಬಲ್ಲವರಾಗಿರಬೇಕಿತ್ತು. ಅವರ ಹೆಸರು ಪುಸ್ತಕದ ಮೇಲೆ ಇರುವುದಿಲ್ಲ. ನನಗೆ ಅವರ ಬಗ್ಗೆ ಬಹಳ ಗೌರವ.

ಹಿಮ್ಮುಖವಾಗದ ಮುದ್ರೆಯೂ ಒಂದಿದೆ. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ ಕಂಬದ ಶಾಸನ ಸಿಕ್ಕಿದೆ. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ ಒಂದು ಶಾಲೆ ಕಟ್ಟಿಸಿದ ಸಂಗತಿ ಅದರಲ್ಲಿದೆ. ಇಂಥ ಶಾಸನ ಓದುವವರು ಕಲ್ಲಿನ ಪಡಿಯಚ್ಚು ತೆಗೆಯುತ್ತಾರೆ. ನೆನೆಸಿದ ಕಾಗದವನ್ನು ಕಲ್ಲಿಗೆ ಹಾಸಿ ಬ್ರಶ್ಶಿನಿಂದ ಬಡಿಯುತ್ತಾರೆ. ಕಾಗದ ಅಕ್ಷರದ ತಗ್ಗಿನೊಳಗೆ ಇಳಿಯುತ್ತದೆ. ಆಮೇಲೆ ಮೇಲಿನಿಂದ ಮಸಿ ತಟ್ಟುತ್ತಾರೆ. ಉಬ್ಬಿದ್ದು ಕಪ್ಪಾಗುತ್ತದೆ, ತಗ್ಗಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಬಿದ್ದದ್ದು ನಮ್ಮ ಕಡೆಯ ಮುಖಕ್ಕೆ, ಕಲ್ಲಿನ ಕಡೆಯ ಮುಖಕ್ಕಲ್ಲ, ಆದ್ದರಿಂದ ಎಡಬಲ ತಿರುಗುವುದಿಲ್ಲ. ನೀವು ಶಾಸನ ಮುಟ್ಟಬೇಡಿ, ಅದು ಬಲ್ಲವರ ಕೆಲಸ. ನಾಣ್ಯದ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದರೆ ಈ ವಿದ್ಯೆಯ ಒಂದು ತುಣುಕು ನಿಮಗೂ ಸಿಗುತ್ತದೆ. ಆ ನಾಣ್ಯದ ಚಿತ್ರವೂ ಕಾರ್ಡಿಗೆ ಚೆನ್ನ.

ಇನ್ನು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಗುಟ್ಟಿನ ಕಾರ್ಡು. ಇದಕ್ಕೆ ಲಿಂಬೆಹಣ್ಣು ಬೇಕು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿ ಮಾನ್ಯತೆ ದೊರೆತಿದೆ, ಅಂದರೆ ಆ ಹೆಸರು ಆ ನೆಲದ ಹಣ್ಣಿಗೇ ಸಲ್ಲುತ್ತದೆ. ಅರ್ಧ ಲೋಟ ನೀರಿಗೆ ಒಂದು ಚಮಚ ಅರಿಶಿಣ ಕಲಸಿ, ದಪ್ಪ ಡ್ರಾಯಿಂಗ್ ಹಾಳೆಗೆ ಹತ್ತಿಯಿಂದ ಹಚ್ಚಿ ನೆರಳಲ್ಲಿ ಒಣಗಿಸಿ. ಲಿಂಬೆಯನ್ನು ಅಡ್ಡ ಕತ್ತರಿಸಿ, ಮುಖವನ್ನು ಬಟ್ಟೆಗೆ ಒತ್ತಿ ಹೆಚ್ಚಿನ ರಸ ತೆಗೆದು, ಹಳದಿ ಹಾಳೆಗೆ ಮೆಲ್ಲಗೆ ಒತ್ತಿ. ಒಣಗಿದ ಮೇಲೆ ಹಾಳೆಯಲ್ಲಿ ಏನೂ ಕಾಣುವುದಿಲ್ಲ.

ಈಗ ಒಂದು ಚಿಟಿಕೆ ಅಡುಗೆ ಸೋಡಾವನ್ನು ನಾಲ್ಕು ಚಮಚ ನೀರಿನಲ್ಲಿ ಕರಗಿಸಿ, ಹತ್ತಿಯಿಂದ ಹಾಳೆಯ ಮೇಲೆ ತೆಳುವಾಗಿ ಸವರಿ. ಹಳದಿ ಹಾಳೆ ಕೆಂಪುಗಂದಾಗುತ್ತದೆ. ಲಿಂಬೆ ಒತ್ತಿದ ಜಾಗ ಮಾತ್ರ ಹಳದಿಯಾಗಿ ಉಳಿದು ತೊಳೆ ತೊಳೆಯ ಚಕ್ರ ಮೇಲೇಳುತ್ತದೆ. ಅರಿಶಿಣದ ಬಣ್ಣದ ವಸ್ತು ಕರ್ಕ್ಯುಮಿನ್. ಹುಳಿಯಲ್ಲಿ, ಬರೀ ನೀರಿನಲ್ಲಿ ಅದು ಹಳದಿ. ಸೋಡಾ, ಸಾಬೂನು, ಸುಣ್ಣದಂಥ ಕ್ಷಾರ ಸಿಕ್ಕರೆ ಅಣುವಿನ ರಚನೆ ತುಸು ಬದಲಾಗಿ ಕೆಂಪಾಗುತ್ತದೆ. ಅಂಗಿಗೆ ಬಿದ್ದ ಸಾರಿನ ಕಲೆ ಸಾಬೂನು ತಾಗಿದೊಡನೆ ಕೆಂಪಾಗುವುದೂ, ಆರತಿ ತಟ್ಟೆಯ ನೀರಿಗೆ ಅರಿಶಿಣ ಸುಣ್ಣ ಬೆರೆಸಿದಾಗ ಬರುವ ಬಣ್ಣವೂ ಇದೇ. ಲಿಂಬೆ ಒತ್ತಿದ ಜಾಗದಲ್ಲಿ ಸಿಟ್ರಿಕ್ ಆಮ್ಲ ಕಾಯುತ್ತಾ ಕುಳಿತಿರುತ್ತದೆ. ಸೋಡಾ ಬಂದೊಡನೆ ಅದನ್ನು ಕೆಡಿಸಿ ಇಂಗಾಲದ ಡೈಆಕ್ಸೈಡನ್ನು ಸಣ್ಣ ಗುಳ್ಳೆಗಳಾಗಿ ಬಿಡುತ್ತದೆ. ಸೋಡಾ ಹೆಚ್ಚಾದರೆ ಆಮ್ಲ ಮುಗಿದು ಆ ಜಾಗವೂ ಕೆಂಪಾಗಿಬಿಡುತ್ತದೆ, ಹಾಗಾಗಿ ತೆಳುವಾಗಿಯೇ ಸವರಬೇಕು. ಸುಣ್ಣ ಬಳಸಬೇಡಿ, ಅದು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು.

ಅರಿಶಿಣ ಹಚ್ಚಿದ ಹಾಳೆ ಒಣಗುವಾಗ ಸುರುಳಿಯಾದೀತು. ನೀರು ಕುಡಿದ ನಾರು ದಪ್ಪಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ಹೆಚ್ಚಿನ ನಾರುಗಳು ಒಂದೇ ದಿಕ್ಕಿಗೆ ಮಲಗಿರುತ್ತವೆ, ಆದ್ದರಿಂದ ಹಾಳೆ ಒಂದು ಕಡೆಗೇ ಬಾಗುತ್ತದೆ. ಹಳೆಯ ದಿನಪತ್ರಿಕೆಯನ್ನು ಉದ್ದಕ್ಕೂ ಅಡ್ಡಕ್ಕೂ ಹರಿದು ನೋಡಿ: ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಇನ್ನೊಂದಕ್ಕೆ ಅಂಕುಡೊಂಕು. ನೆಟ್ಟಗೆ ಹರಿಯುವ ದಿಕ್ಕೇ ನಾರಿನ ದಿಕ್ಕು. ಕಾರ್ಡಿನ ಮಡಿಕೆಯನ್ನು ಅದರ ಗುಂಟ ಹಾಕಿದರೆ ಅಂಚು ಬಿರಿಯುವುದಿಲ್ಲ. ಸುರುಳಿಯಾದ ಹಾಳೆಯನ್ನು ಒಂದು ರಾತ್ರಿ ಪುಸ್ತಕಗಳ ಕೆಳಗೆ ಇಡಿ.

ಅರಿಶಿಣ ಬಿಸಿಲಿಗೆ ಬಿಳಚಿಕೊಳ್ಳುತ್ತದೆ, ಆದ್ದರಿಂದ ಕಾರ್ಡನ್ನು ಲಕೋಟೆಯಲ್ಲೇ ಕಳಿಸಿ. ವಿಳಾಸದ ಕೊನೆಗೆ ಪಿನ್‌ಕೋಡ್ ಮರೆಯಬೇಡಿ. 586 ಎಂದು ಮೊದಲಾದರೆ ಅದು ನಮ್ಮ ವಿಜಯಪುರ ಜಿಲ್ಲೆಯ ಕಡೆಗೆ ಹೊರಟಿತೆಂದು ಅರ್ಥ. ಅಂಚೆ ಕಚೇರಿಯಲ್ಲಿ ಅಂಚೆಚೀಟಿಯ ಮೇಲೆ ಊರು, ತಾರೀಖು ಇರುವ ಮೊಹರು ಒತ್ತುತ್ತಾರೆ, ಅದರಲ್ಲೂ ಅಕ್ಷರಗಳು ಹಿಮ್ಮುಖವಾಗಿಯೇ ಕೊರೆದಿರುತ್ತವೆ. ಗುಟ್ಟಿನ ಕಾರ್ಡಾದರೆ ಸೋಡಾ ಸವರದೆ ಹಳದಿ ಹಾಳೆಯನ್ನೇ ಕಳಿಸಿ, ಹಿಂದೆ ಪೆನ್ನಿನಿಂದ ಹೀಗೆ ಬರೆಯಿರಿ: 'ಅತ್ತಿ, ಒಂದು ಚಿಟಿಕಿ ಸೋಡಾ ನೀರಾಗ ಕಲಸಿ ಹತ್ತಿಲೆ ಸವರು. ಏನು ಬಂತು ಅಂತ ಬರದು ಕಳಸು.'