ದೆಹಲಿ ಮತ್ತು ಕರ್ನಾಟಕ: ಎರಡು ವಿಧಾನಸಭೆಗಳ ತುಲನೆ

(ರಾಜ್ಯೋತ್ಸವದ ವಿಚಾರಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನವೆಂಬರ್ 1 ನಮಗೆಲ್ಲ ಹಬ್ಬದ ದಿನ. 1956ರ ಆ ದಿನ ಹಂಚಿಹೋಗಿದ್ದ ಕನ್ನಡ ನಾಡಿನ ಬಹುಭಾಗ ಒಂದೇ ವಿಧಾನಸಭೆಯ ಆಶ್ರಯಕ್ಕೆ ಬಂದಿತು. ಅದೇ ದಿನ ದೆಹಲಿ ತನ್ನ ವಿಧಾನಸಭೆಯನ್ನು ಕಳೆದುಕೊಂಡಿತೆಂಬುದು ನಮ್ಮಲ್ಲಿ ಅನೇಕರ ಗಮನಕ್ಕೆ ಬಂದಿಲ್ಲ. 1952ರಲ್ಲಿ ಚುನಾಯಿತವಾಗಿ, ಚೌಧರಿ ಬ್ರಹ್ಮಪ್ರಕಾಶರನ್ನು ಮೊದಲ ಮುಖ್ಯಮಂತ್ರಿಯಾಗಿ ಕಂಡಿದ್ದ ಆ ಸಭೆ ರಾಜ್ಯ ಪುನರ್ವಿಂಗಡಣೆಯೊಡನೆ ರದ್ದಾಯಿತು; ದೆಹಲಿ ಕೇಂದ್ರಾಡಳಿತ ಪ್ರದೇಶವಾಯಿತು. ಸಂವಿಧಾನದ 69ನೆಯ ತಿದ್ದುಪಡಿಯ ಫಲವಾಗಿ 1993ರಲ್ಲಿ ಮತ್ತೆ ಚುನಾವಣೆ ನಡೆಯುವವರೆಗೆ 37 ವರ್ಷಗಳು ಸಂದವು.

ಪ್ರಾತಿನಿಧ್ಯದ ಲೆಕ್ಕದಲ್ಲಿ ಎರಡು ಸಭೆಗಳಿಗೂ ಹೆಚ್ಚಿನ ಅಂತರವಿಲ್ಲ. 2011ರ ಜನಗಣತಿಯಂತೆ ಕರ್ನಾಟಕದ 6.11 ಕೋಟಿ ಜನರಿಗೆ 224 ಶಾಸಕರು, ಅಂದರೆ ಸುಮಾರು 2.7 ಲಕ್ಷಕ್ಕೊಬ್ಬರು. ದೆಹಲಿಯ 1.68 ಕೋಟಿಗೆ 70 ಮಂದಿ, ಅಂದರೆ 2.4 ಲಕ್ಷಕ್ಕೊಬ್ಬರು. ಅಂತರವಿರುವುದು ಅಧಿಕಾರದಲ್ಲಿ. ಸಂವಿಧಾನದ 239ಎಎ ವಿಧಿ ಸಾರ್ವಜನಿಕ ಸುವ್ಯವಸ್ಥೆ, ಪೊಲೀಸು, ಭೂಮಿ ಈ ಮೂರನ್ನು ದೆಹಲಿ ಸಭೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ.

ಈ ಮೂರರ ತೂಕವೇನು? ಕರ್ನಾಟಕದಲ್ಲಿ ಪೊಲೀಸರ ನಡವಳಿಕೆಗೆ ಗೃಹಮಂತ್ರಿ ವಿಧಾನಸಭೆಯಲ್ಲಿ ಉತ್ತರಿಸಬೇಕು. ದೆಹಲಿ ಪೊಲೀಸರ ವಿಷಯದಲ್ಲಿ ಉತ್ತರಿಸಬೇಕಾದವರು ಕೇಂದ್ರ ಗೃಹಮಂತ್ರಿ; ಅವರನ್ನು ಪ್ರಶ್ನಿಸಲು ಲೋಕಸಭೆಯ 543 ಸದಸ್ಯರಲ್ಲಿ ದೆಹಲಿಯವರು ಏಳೇ ಮಂದಿ. ಯಮುನೆ ದಾಟಿ ನೋಯ್ಡಾಕ್ಕೋ, ಆಚೆ ಗುರುಗ್ರಾಮಕ್ಕೋ ಮನೆ ಬದಲಿಸಿದ ನಮ್ಮವರು ರಾಜ್ಯಸರ್ಕಾರಗಳ ಪೊಲೀಸರ ವ್ಯಾಪ್ತಿಗೆ ಸೇರುತ್ತಾರೆ. ಭೂಮಿಯ ಮಾತಂತೂ ಇನ್ನೂ ಸ್ಪಷ್ಟ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ಗೇಣಿದಾರನನ್ನು ಒಡೆಯನನ್ನಾಗಿಸಿತು. ಇಂಥ ಕಾಯಿದೆಯನ್ನು ಮಾಡುವ ಅಧಿಕಾರ ಇಂದಿನ ದೆಹಲಿ ಸಭೆಗಿಲ್ಲ.

ಉಳಿದ ವಿಷಯಗಳಲ್ಲಿಯೂ ಹಗ್ಗಜಗ್ಗಾಟ ತಪ್ಪಲಿಲ್ಲ. ಲೆಫ್ಟಿನೆಂಟ್ ಗವರ್ನರ್ ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಗೆ ಬದ್ಧರೆಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅಧಿಕಾರಿಗಳ ಮೇಲಿನ ಹಿಡಿತವೂ ಬಹುಪಾಲು ಚುನಾಯಿತ ಸರ್ಕಾರದ್ದೆಂದು 2023ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಅದೇ ವರ್ಷ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆ ವರ್ಗಾವಣೆಗೆ ಮೂವರ ಪ್ರಾಧಿಕಾರವನ್ನು ರಚಿಸಿತು. ಮುಖ್ಯಮಂತ್ರಿ ಅದರ ಅಧ್ಯಕ್ಷರು, ಉಳಿದಿಬ್ಬರು ಅಧಿಕಾರಿಗಳು. ನಿರ್ಣಯ ಬಹುಮತದ್ದು, ಕೊನೆಯ ಮಾತು ಲೆಫ್ಟಿನೆಂಟ್ ಗವರ್ನರರದು. ಜನಾದೇಶ ಪಡೆದವರು ಅಧಿಕಾರಿಗಳಿಬ್ಬರೆದುರು ಸೋಲಬಹುದಾದ ವಿಚಿತ್ರ ಸ್ಥಿತಿ ಇದು.

ಸಂಸತ್ತು, ರಾಯಭಾರ ಕಚೇರಿಗಳಿರುವ ನಗರ ಕೇಂದ್ರದ ಕೈಯಲ್ಲಿರಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಇದಕ್ಕೆ ಲೋಕದಲ್ಲಿ ಒಂದೇ ಉತ್ತರವಿಲ್ಲ. ಆಫ್ರಿಕದ ಎರಡು ದೇಶಗಳನ್ನೇ ನೋಡಿ. ನೈಜೀರಿಯ 1991ರಲ್ಲಿ ರಾಜಧಾನಿಯನ್ನು ಲಾಗೋಸಿನಿಂದ ಅಬೂಜಕ್ಕೆ ಸಾಗಿಸಿತು. ಅಲ್ಲಿನ 36 ರಾಜ್ಯಗಳಿಗೆ ಚುನಾಯಿತ ಗವರ್ನರುಗಳಿದ್ದಾರೆ. ರಾಜಧಾನಿ ಪ್ರದೇಶವನ್ನು ಮಾತ್ರ ಅಧ್ಯಕ್ಷರು ನೇಮಿಸಿದ ಮಂತ್ರಿ ಆಳುತ್ತಾರೆ. ದಕ್ಷಿಣ ಆಫ್ರಿಕದ ಆಡಳಿತ ರಾಜಧಾನಿ ಪ್ರಿಟೋರಿಯಾ ಗೌಟೆಂಗ್ ಪ್ರಾಂತದೊಳಗಿದೆ. ಇತರ ಎಂಟು ಪ್ರಾಂತಗಳಿಗಿರುವಂಥ ಚುನಾಯಿತ ಶಾಸನಸಭೆಯೇ ಅದಕ್ಕೂ ಇದೆ. ಅಲ್ಲಿಯೂ ಪೊಲೀಸು ರಾಷ್ಟ್ರೀಯ ಪಡೆಯೇ ನಿಜ. ಆದರೆ ಆ ನಿಯಮ ಒಂಬತ್ತೂ ಪ್ರಾಂತಗಳಿಗೆ ಸಮಾನ, ರಾಜಧಾನಿಯವರ ಪಾಲಿಗೆ ಮಾತ್ರ ಬಂದ ಕೊರತೆಯಲ್ಲ.

ದೆಹಲಿಯದು ಇವೆರಡರ ನಡುವಿನ ದಾರಿ. ಹೊಸದೆಹಲಿ ನಗರಪಾಲಿಕಾ ಪರಿಷತ್ತಿನ ಪ್ರದೇಶಕ್ಕೆ ಈಗಾಗಲೇ ಪ್ರತ್ಯೇಕ ಎಲ್ಲೆಯಿದೆ. ಆ ಭಾಗ ಕೇಂದ್ರದಲ್ಲಿ ಉಳಿಯಲಿ. ಉಳಿದ ಬಡಾವಣೆಗಳ ನೆಲಕ್ಕೂ ನೆಮ್ಮದಿಗೂ ಹಂತಹಂತವಾಗಿ ಇಲ್ಲಿಯ ವಿಧಾನಸಭೆ ಹೊಣೆಯಾಗಲಿ ಎಂಬುದು ನನ್ನ ಅಭಿಪ್ರಾಯ.

ಇದು ನಮಗೇಕೆ ಎನ್ನಬೇಡಿ. ಉದ್ಯೋಗಕ್ಕೆಂದು ಬಂದ ಕನ್ನಡಿಗರ ಮಕ್ಕಳು, ಮೊಮ್ಮಕ್ಕಳು ಇಲ್ಲಿಯ ಮತದಾರರು. ಊರಿನ ರಾಜಕೀಯವನ್ನು ಬಿಸಿಯಾಗಿ ಚರ್ಚಿಸುವ ನಾವು ನಮ್ಮ ಮತ ಬೀಳುವ ಊರಿನ ಆಡಳಿತವನ್ನೂ ಅಷ್ಟೇ ಆಸ್ಥೆಯಿಂದ ಚರ್ಚಿಸಬೇಕು. ಸಂಘವು ಅದಕ್ಕೆ ವೇದಿಕೆಯಾಗಲಿ.