ಹೈಡ್ರ ಬಾಯ್ದೆರೆಯುವುದು ಯಾವಾಗ?



ಸುರಪುರದ ಸಮೀಪದ ಬೋನಾಳ ಕೆರೆಗೆ ಹೋದವರ ದೃಷ್ಟಿ ಮೊದಲು ಹಕ್ಕಿಗಳ ಮೇಲೆ ಬೀಳುವುದು ಸಹಜ. ಕೊಕ್ಕರೆಯು ನಿಶ್ಚಲವಾಗಿ ನಿಂತು, ಮೀನನ್ನು ಕಣ್ಣಿನಿಂದ ಗುರುತಿಸಿ, ಕೊಕ್ಕಿನಿಂದ ಹಿಡಿಯುವುದು. ಕಣ್ಣು, ಮೂಗು, ಮಿದುಳು ಒಂದೂ ಇಲ್ಲದ ಪ್ರಾಣಿಯಾದರೋ ತನ್ನ ಆಹಾರವನ್ನು ಅರಿಯುವ ಬಗೆ ಹೇಗೆ? ಇದನ್ನು ತಿಳಿಯಲು ಕೆರೆಕೊಳಗಳ ತಿಳಿನೀರಿನಲ್ಲಿ ಗಿಡದ ದಂಟಿಗೋ ಎಲೆಗೋ ಅಂಟಿಕೊಂಡು ಬಾಳುವ ಹೈಡ್ರವೆಂಬ ಜೀವಿಯನ್ನು ನೋಡತಕ್ಕದ್ದು.

ಹೈಡ್ರದ ಉದ್ದ ಸಾಮಾನ್ಯವಾಗಿ ಅರ್ಧ ಅಂಗುಲವನ್ನು ಮೀರದು. ನೂಲಿನ ತುಂಡೊಂದರ ತುದಿಯನ್ನು ಎಳೆಎಳೆಯಾಗಿ ಬಿಡಿಸಿದರೆ ಅದರ ಆಕಾರ ಸಿಕ್ಕುವುದು. ಆ ಎಳೆಗಳೇ ಅದರ ಕರಗಳು. ಏಬ್ರಹಾಂ ಟ್ರೆಂಬ್ಲೆ ಎಂಬ ವಿದ್ವಾಂಸನು 1744ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಲೋಕಪ್ರಸಿದ್ಧವಾಯಿತು.

ಕರಗಳ ತುಂಬ ಸೂಕ್ಷ್ಮವಾದ ಕುಟುಕುಕೋಶಗಳಿವೆ. ಈಜಿಬರುವ ನೀರುಚಿಗಟವೊಂದು ತಗುಲಿದೊಡನೆ ಕೋಶದೊಳಗಿನ ಮುಳ್ಳು ಚಿಮ್ಮಿ ಅದರ ಮೈಯನ್ನು ಭೇದಿಸುವುದು. ಈ ಚಿಮ್ಮುವಿಕೆಗೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ಕೂಡ ಬೇಡವೆಂದು 2006ರಲ್ಲಿ ಅಳೆದು ತೋರಿಸಿದರು. ಆದರೆ ಹಿಡಿದ ಮಾತ್ರಕ್ಕೆ ಬಾಯಿ ತೆರೆಯದು. ಗಾಯದಿಂದ ಒಸರಿದ ರಸವು ನೀರಿನಲ್ಲಿ ಬೆರೆತಾಗಲೇ ಕರಗಳು ತಿರುಚಿಕೊಂಡು ಬಾಯಿಯ ಕಡೆಗೆ ಬಾಗುವುವು, ಬಾಯಿ ಅಗಲವಾಗುವುದು.

ಆ ರಸದಲ್ಲಿರುವ ಸಂಕೇತ ಯಾವುದು? 1955ರಲ್ಲಿ ಅಮೆರಿಕದ ಲೂಮಿಸ್ ಎಂಬ ವಿಜ್ಞಾನಿ ಅದನ್ನು ಗುರುತಿಸಿದನು. ಅದು ಗ್ಲುಟಾಥಯೋನ್; ಮೂರು ಅಮೈನೋ ಆಮ್ಲಗಳು ಕೂಡಿದ ಸಣ್ಣ ವಸ್ತು. ಲೀಟರು ನೀರಿಗೆ ಕೆಲವೇ ಮಿಲಿಗ್ರಾಂ ಬೆರೆಸಿದರೂ ಸಾಕು, ಬೇಟೆಯೇ ಇಲ್ಲದಿದ್ದರೂ ಹಸಿದ ಹೈಡ್ರ ಬಾಯ್ದೆರೆಯುವುದು. ಹೊಟ್ಟೆ ತುಂಬಿದ ಹೈಡ್ರ ಈ ಕರೆಗೆ ಅಷ್ಟಾಗಿ ಓಗೊಡದು.

ಇದರಲ್ಲಿ ಒಂದು ಜಾಣ್ಮೆ ಉಂಟು. ಗ್ಲುಟಾಥಯೋನ್ ಜೀವಕೋಶಗಳ ಒಳಗೆ ಇರತಕ್ಕ ವಸ್ತು. ಅದು ಹೊರಚೆಲ್ಲಿತೆಂದರೆ ಕೋಶ ಒಡೆಯಿತೆಂದರ್ಥ. ಮರಳಿನ ಕಣಕ್ಕೆ ಗಾಯವಿಲ್ಲ, ರಸವಿಲ್ಲ. ಅದಕ್ಕಾಗಿ ಬಾಯ್ದೆರೆಯುವ ಶ್ರಮವೂ ಇಲ್ಲ. ಆ ಶ್ರಮ ಅಲ್ಪವಾದುದಲ್ಲ. ಹೈಡ್ರದ ಬಾಯಿ ನಮ್ಮದರಂತೆ ಸದಾ ಸಿದ್ಧವಾಗಿರುವ ದ್ವಾರವಲ್ಲ. ಮುಚ್ಚಿದಾಗ ಅಲ್ಲಿ ಅಖಂಡವಾದ ಚರ್ಮವೇ ಇರುವುದು. ಪ್ರತಿ ಊಟಕ್ಕೂ ಅದು ಹರಿದು ತೆರೆಯಬೇಕು. ಆಗ ಸುತ್ತಲಿನ ಕೋಶಗಳು ತಮ್ಮ ಆಕಾರವನ್ನೇ ಬದಲಿಸುವುವೆಂದು ಕ್ಯಾಲಿಫೋರ್ನಿಯದ ಸಂಶೋಧಕರು 2016ರಲ್ಲಿ ವಿವರಿಸಿದರು.

ಹೀಗೆ, ನಮಗೆ ಬರಿಯ ನೀರಾಗಿ ತೋರುವುದು ಈ ಜೀವಿಗೆ ಸುದ್ದಿಯನ್ನು ಹೊತ್ತು ತರುವ ದೂತ. ಆ ನೀರಿಗೆ ಅದು ತನ್ನ ಮೈಯೆಲ್ಲವನ್ನೂ ಒಡ್ಡಿಕೊಂಡಿದೆ. ತಾಮ್ರದಂಥ ಲೋಹ ಸ್ವಲ್ಪ ಬೆರೆತರೂ ಅದರ ಕರಗಳು ಕುಗ್ಗಿ ಅದು ಸಾಯುವುದುಂಟು. ಆದುದರಿಂದಲೇ ನೀರಿನ ವಿಷವನ್ನು ಪರೀಕ್ಷಿಸಲು ಪ್ರಯೋಗಶಾಲೆಗಳಲ್ಲಿ ಹೈಡ್ರವನ್ನು ಬಳಸುತ್ತಾರೆ. ಕೆರೆಗೆ ಬಂದು ಸೇರುವ ಹೊಲದ ಔಷಧಿ, ಊರಿನ ಕೊಳೆ ನಮ್ಮ ಕಣ್ಣಿಗೆ ಕಾಣದಿರಬಹುದು. ಆದರೆ ಹಕ್ಕಿಗೆ ಮೀನು, ಮೀನಿಗೆ ನೀರುಚಿಗಟ ಬೇಕಾಗಿರುವ ಕೆರೆಯಲ್ಲಿ, ನೀರು ಕೆಟ್ಟಿತೆಂಬುದನ್ನು ಕೊಕ್ಕರೆಗಿಂತ ಬಹು ಮುಂಚೆ ಅರಿಯುವುದು ಇಂಥ ಅಲ್ಪಪ್ರಾಣಿಯೇ.